ಚುಚ್ಚದ ಕಡ್ಡಿ

ಕ್ಯಾನ್ಸರ್ ಆಸ್ಪತ್ರೆ, ಕಿರಣ ವಿಭಾಗ
ಹದಿನಾಲ್ಕನೇ ತಾರೀಖು, ಮಂಗಳವಾರ, ಊಟದ ಬಿಡುವು

ಪ್ರೀತಿಯ ಅಮ್ಮಾ,

ಹೇಗಿದ್ದೀಯ? ಗಂಟಲು ಹೇಗಿದೆ? ನುಂಗುವಾಗ ನೋವಿದೆಯಾ, ಇಲ್ಲವಾ, ಅಷ್ಟು ಮಾತ್ರ ನೆಟ್ಟಗೆ ಬರೆ. "ಗುಂಡುಕಲ್ಲಿನ ಹಾಗಿದ್ದೇನೆ" ಅಂತ ಬರೆಯಬೇಡ, ನೀನು ಹಾಗೆ ಬರೆದಾಗಲೆಲ್ಲ ಏನೋ ಮುಚ್ಚಿಟ್ಟಿರುತ್ತೀಯ. ತಂಗಿಯ ಮನೆಯಲ್ಲಿ ಮೆಟ್ಟಿಲು ಹತ್ತಿ ಇಳಿದು ಮಾಡಬೇಡ. ಅಳಿಯಂದಿರು ಟಿವಿ ಜೋರಾಗಿ ಹಾಕಿದರೆ ಬಾಯಿಬಿಟ್ಟು ಹೇಳು, ಸಂಕೋಚಪಟ್ಟರೆ ನಿದ್ದೆ ಕೆಡುವುದು ನಿನ್ನದೇ. ನಾನು ಚೆನ್ನಾಗಿದ್ದೇನೆ. ಅಂದರೆ ಹೊತ್ತುಹೊತ್ತಿಗೆ ಉಣ್ಣುತ್ತಿದ್ದೇನೆ, ನಿದ್ದೆ ಅಷ್ಟಕ್ಕಷ್ಟೆ.

ವಿಕಿರಣ ಸುರಕ್ಷತೆಗೆ ಅಂತ ಹತ್ತಾರು ದೇಶಗಳು ಸೇರಿ ನಡೆಸುವ ಸಂಸ್ಥೆ ನಿನಗೆ ನೆನಪಿರಲೇಬೇಕು. ನೀನು ಇಲ್ಲಿ ಮಲಗಿದ್ದಾಗ ವಾರ್ಡಿನ ತುಂಬಾ ಡಂಗುರ ಹೊಡೆದಿದ್ದೆಯಲ್ಲ, "ನನ್ನ ಮಗನ ಮಷೀನನ್ನ ಫಾರಿನ್ನಿನವರೇ ಪರೀಕ್ಷೆ ಮಾಡ್ತಾರೆ, ನಿಮ್ಮದನ್ನ ಯಾರು ಮಾಡ್ತಾರೆ?" ಅಂತ! ಪಕ್ಕದ ಹಾಸಿಗೆಯಾಕೆಯೂ ಅದೇ ಮಷೀನಿಗೆ ಬಂದವಳು ಅನ್ನುವುದನ್ನೂ ಮರೆತು. ಆ ಸಂಸ್ಥೆಯವರು ವರ್ಷಕ್ಕೊಮ್ಮೆ ಅಂಚೆಯಲ್ಲಿ ಒಂದು ಪುಟ್ಟ ಕ್ಯಾಪ್ಸೂಲ್ ಕಳಿಸುತ್ತಾರೆ, ಒಳಗೆ ಉಪ್ಪಿನಂಥ ಪುಡಿ. ರೋಗಿಗೆ ಕೊಡುವ ಹಾಗೆಯೇ ಅದಕ್ಕೂ ಕಿರಣ ಕೊಟ್ಟು ವಾಪಸು ಕಳಿಸಬೇಕು. ನಾವು ನೂರು ಅಂದದ್ದು ನಿಜಕ್ಕೂ ನೂರೇ ಹೌದಾ ಅಂತ ಅವರು ಪುಡಿಯನ್ನು ಪರೀಕ್ಷಿಸಿ ಹೇಳುತ್ತಾರೆ. ಐದರಷ್ಟು ಹೆಚ್ಚುಕಮ್ಮಿಯಾದರೆ ಪರವಾಗಿಲ್ಲ. ಹೋದ ವರ್ಷ ನಮ್ಮದು ನೂರಕ್ಕೆ ನೂರು ಬಂದಿತ್ತು. ಈ ವರ್ಷ ತೊಂಬತ್ತೊಂದು.

ಯಾಕೆ ಅಂತ ಹುಡುಕುತ್ತಾ ಎರಡು ದಿನ ತಲೆ ಚಚ್ಚಿಕೊಂಡೆ. ಮಷೀನಿನ ತಲೆಯಿಂದ ಒಂದು ಕಬ್ಬಿಣದ ಕಡ್ಡಿ ಇಳಿಯುತ್ತದೆ, ಗೊತ್ತಲ್ಲ? ಅದರ ತುದಿ ಚರ್ಮಕ್ಕೆ ತಾಗಿದರೆ ದೂರ ಸರಿಯಾಗಿದೆ ಅಂತ ಅರ್ಥ. ಆಮೇಲೆ ಕಡ್ಡಿ ತೆಗೆದು ಕಿರಣ ಬಿಡುತ್ತೇವೆ. ಆ ತುದಿ ಯಾರಿಗೋ ಚುಚ್ಚುತ್ತಿತ್ತು ಅಂತ ಆಸ್ಪತ್ರೆಯ ಬಡಗಿಯಿಂದ ಒಂದು ಮರದ ತುದಿ ಮಾಡಿಸಿದ್ದೆ. ಎರಡು ಬೆರಳಗಲದಷ್ಟು ಉದ್ದ, ಪುಣ್ಯಾತ್ಮ ಬೆಣ್ಣೆಯ ಹಾಗೆ ನುಣ್ಣಗೆ ಉಜ್ಜಿ ಕೊಟ್ಟಿದ್ದ. ಕಬ್ಬಿಣವನ್ನು ಅಷ್ಟೇ ಉದ್ದ ಕತ್ತರಿಸಿ ಕೂರಿಸು ಅಂದಿದ್ದೆ. ಕಬ್ಬಿಣ ಕತ್ತರಿಸುವುದು ವೆಲ್ಡರನ ಕೆಲಸ ಅಂತ ಅವನು ಕತ್ತರಿಸದೆ ಹಾಗೇ ತುದಿಗೆ ಸಿಕ್ಕಿಸಿಬಿಟ್ಟ, ಕಡ್ಡಿ ಅಷ್ಟು ಉದ್ದವಾಯಿತು. ನಾನು ಅಳೆದು ನೋಡಬೇಕಿತ್ತು, ನೋಡಲಿಲ್ಲ. ಅಲ್ಲಿಂದ ಇಲ್ಲಿಯತನಕ ಮಲಗಿದವರೆಲ್ಲ ಎರಡು ಬೆರಳು ಕೆಳಗೆ ಮಲಗಿದ್ದಾರೆ. ದೂರ ಹೋದಷ್ಟೂ ಕಿರಣ ಸೊರಗುತ್ತದೆ.

ಹಾಗಾದರೆ ಹೋದ ವರ್ಷ ಹೇಗೆ ಪಾಸಾದೆ ಅನ್ನುತ್ತೀಯ. ಫಾರಿನ್ ಕ್ಯಾಪ್ಸೂಲಿಗೆ ಕಡ್ಡಿ ಸಾಕೇ? ನೆಂಟರು ಬಂದರೆ ಒಳ್ಳೆಯ ತಟ್ಟೆ ತೆಗೆಯುವ ಹಾಗೆ, ಉಕ್ಕಿನ ಟೇಪು ಹಿಡಿದು ಮೂರು ಸಲ ಅಳೆದಿದ್ದೆ. ಮನುಷ್ಯರಿಗೆ ಕಡ್ಡಿ, ಪುಡಿಗೆ ಟೇಪು! ಈ ವರ್ಷ ಹಾಳು ಟೇಪು ಸಿಗಲಿಲ್ಲ, ಕೊರಿಯರ್‌ನವನು ಬಾಗಿಲಲ್ಲಿ ಕಾಯುತ್ತಿದ್ದ, ಕಡ್ಡಿಯಲ್ಲೇ ಮುಗಿಸಿದೆ. ಹಾಗಾಗಿ ಗೊತ್ತಾಯಿತು. ಸಿಕ್ಕಿದ್ದರೆ ಇನ್ನೊಂದು ವರ್ಷ ಹೀಗೇ ನಡೆಯುತ್ತಿತ್ತು.

ಮರದ ತುದಿ ಕೂತಾಗಿನಿಂದ ಹದಿನಾಲ್ಕು ತಿಂಗಳ ರಿಜಿಸ್ಟರು ತೆಗೆದು ನೋಡಿದೆ. ಮುನ್ನೂರ ಹನ್ನೆರಡು ಹೆಸರು. ಸೂಪರಿಂಟೆಂಡೆಂಟರ ಮುಂದೆ ಇಟ್ಟರೆ ಕನ್ನಡಕವನ್ನೂ ಹಾಕಿಕೊಳ್ಳಲಿಲ್ಲ. "ಮಷೀನು ಈಗ ಸರಿ ಇದೆ ತಾನೇ? ಹಳೇದನ್ನ ಯಾಕ್ರೀ ಕೆದಕ್ತೀರಿ?" ಅಂದರು. ಸಂಸ್ಥೆಯವರು ಇನ್ನೊಂದು ಕ್ಯಾಪ್ಸೂಲ್ ಕಳಿಸಿದರು. ಟೇಪಿನಲ್ಲಿ ಅಳೆದೆ, ನೂರು ಬಂತು. ಆ ಸರ್ಟಿಫಿಕೇಟಿಗೆ ಸೂಪರಿಂಟೆಂಡೆಂಟರು ಫ್ರೇಮು ಹಾಕಿಸಿ ಬಾಗಿಲ ಮೇಲೆ ತೂಗುಹಾಕಿದ್ದಾರೆ. ಸಂಸ್ಥೆಯ ಅಧಿಕಾರಿಣಿಗೆ ಎಲ್ಲವನ್ನೂ ಬಿಚ್ಚಿ ಬರೆದೆ. ಒಳ್ಳೆಯ ಹೆಂಗಸು, ಮರುದಿನವೇ ಉತ್ತರ ಬಂತು. ಹಳೆಯ ರೋಗಿಗಳನ್ನೆಲ್ಲ ಕರೆಸಿ ನೋಡಿ ಎಂದು ಆಸ್ಪತ್ರೆಗೆ ಸಲಹೆ ಕೊಟ್ಟಿದ್ದೇವೆ, ಬಲವಂತ ಮಾಡುವ ಅಧಿಕಾರ ನಮಗಿಲ್ಲ ಅಂತ. ಸಲಹೆ ಫೈಲಿನೊಳಗೆ ಸೇರಿತು.

ಹೋದ ವಾರ ಡ್ರಾಯಿಂಗ್ ಮೇಷ್ಟ್ರು ವಾಪಸು ಬಂದರು, ನೀನು ಬಿಸ್ಕತ್ತು ಹಂಚಿಕೊಂಡು ತಿನ್ನುತ್ತಿದ್ದೆಯಲ್ಲ, ಅವರೇ. ಗಡ್ಡೆ ಮತ್ತೆ ಎದ್ದಿದೆ. ಈ ಕಾಯಿಲೆ ಮರುಕಳಿಸೋದು ಸಹಜ ಅಂದರು ಡಾಕ್ಟರು. ಮೇಷ್ಟ್ರು ನನ್ನ ಕೈ ಹಿಡಿದು, "ನೀವು ಮಾಡೋದೆಲ್ಲ ಮಾಡಿದ್ರಿ, ನನ್ನ ಹಣೆಬರಹ" ಅಂದರು. ಮಾಡಿದ್ದುಣ್ಣೋ ಮಹಾರಾಯ ಅನ್ನುತ್ತಿದ್ದೆಯಲ್ಲ, ಇಲ್ಲಿ ಮಾಡಿದವನು ನಾನು, ಉಣ್ಣುತ್ತಿರುವವರು ಅವರು. ಮುನ್ನೂರ ಹನ್ನೆರಡು ಮಂದಿಗೂ ನಾನೇ ಕಾಗದ ಬರೆಯುತ್ತೇನೆ ಅಂತ ಕೂತೆ. ನಾಲ್ಕು ದಿನವಾಯಿತು, ಒಂದೂ ಮುಗಿದಿಲ್ಲ.

ತಂಗಿಗೂ ಅಳಿಯಂದಿರಿಗೂ ನಾನು ಕೇಳಿದೆ ಅಂತ ಹೇಳು. ಕುತ್ತಿಗೆಗೆ ಬಟ್ಟೆ ಸುತ್ತಿಕೊಂಡು ಮಲಗು.

ಚಿಕ್ಕಂದಿನಲ್ಲಿ ಸ್ಕೇಲು ಹಿಡಿದು ಬೆಕ್ಕಿನ ಬಾಲ ಅಳೆಯುತ್ತಿದ್ದ,
ನಿನ್ನ ಅಳತೆಗೋಲು

ಮರೆತ ಮಾತು: ಮರೆತಿರಲಿಲ್ಲ, ಬರೆಯಲು ಕೈ ಬಂದಿರಲಿಲ್ಲ. ಬೆಲ್ ಹೊಡೆಯಿತು, ಹೊರಗೆ ಐದು ಜನ ಕಾಯುತ್ತಿದ್ದಾರೆ, ಬೇಗ ಹೇಳಿಬಿಡುತ್ತೇನೆ. ಯಾರಿಗೋ ಚುಚ್ಚುತ್ತಿತ್ತು ಅಂತ ಬರೆದದ್ದು ಸುಳ್ಳು. ಮೊದಲ ದಿನ "ಚುಚ್ಚುತ್ತೆ ಕಣೋ" ಅಂದವಳು ನೀನು. ಆ ಸಂಜೆಯೇ ಬಡಗಿಯ ಹತ್ತಿರ ಓಡಿದ್ದೆ. ಮರುದಿನ "ಈಗ ಹಾಯಾಗಿದೆ" ಅಂತ ನೀನು ನಕ್ಕಿದ್ದೆ, ನಾನು ಹಿಗ್ಗಿದ್ದೆ. ಪಟ್ಟಿಯಲ್ಲಿ ಮೊದಲ ಹೆಸರು ನಿನ್ನದು, ಆ ಕಾಗದಗಳಲ್ಲಿ ಮೊದಲನೆಯದು ಇದೇ. ನಿನ್ನ ಕುತ್ತಿಗೆಯಲ್ಲಿ ಕಡಲೆಕಾಳಿನಷ್ಟು ಗಂಟು ಎದ್ದಿದೆ, ಅಣ್ಣನಿಗೆ ಹೇಳಬೇಡ ಅಂತ ನೀನು ಅಂದಿದ್ದೀಯ ಎಂದು ತಂಗಿ ಬರೆದಿದ್ದಾಳೆ. ಅವಳನ್ನು ಬೈಯಬೇಡ. ನಿನ್ನ ಹೆಸರು ಹೇಳದೆ ಡಾಕ್ಟರನ್ನು ಕೇಳಿದೆ. ಅದೇ ಜಾಗಕ್ಕೆ ಇನ್ನೊಂದು ಸಲ ಕಿರಣ ಕೊಡೋಕಾಗಲ್ಲ ಅಂದರು. ಆದರೂ ಬಂದುಬಿಡು ಅಮ್ಮಾ, ನನ್ನ ಹತ್ತಿರ ಇರು. ಮರದ ತುದಿ ಕಿತ್ತು ಹಾಕಿದ್ದೇನೆ. ಈಗ ಎಲ್ಲರಿಗೂ ಚುಚ್ಚುತ್ತದೆ.