ಗಾಳಿ ಅಳೆಯುವ ಯಂತ್ರಕ್ಕೆ ನೀರು ಹಾಕಿದವಳ ಅಹವಾಲು

ಮಾನ್ಯ ಮೇಯರ್ ಸಾಹೇಬರೇ,

ಇಂದು ನನಗೆ ಉಪವಾಸ. ಕಸ ಗುಡಿಸಿ, ಪಾತ್ರೆ ತೊಳೆದು, ಗಂಡನ ಬೆನ್ನಿಗೆ ಎರಡು ದಿಂಬು ಕೊಟ್ಟು ಕೂರಿಸಿ, ದೇವರಿಗೆ ಕೈಮುಗಿದು ಬರೆಯುತ್ತಿದ್ದೇನೆ. ಇಂಥ ದಿನ ಸುಳ್ಳು ಬರೆಯಲಾರೆ. ನಮ್ಮೂರಿನ ಗಾಳಿ ಶುದ್ಧವಾಗಿಲ್ಲ. ಶುದ್ಧವೆಂದು ನೀವು ರಾಜಧಾನಿಗೆ ಬರೆದುಕೊಟ್ಟದ್ದರಿಂದ ನನ್ನ ಗಂಡನಿಗೆ ಉಸಿರಾಟದ ಯಂತ್ರ ಸಿಗುತ್ತಿಲ್ಲ.

ನಿನಗೇನು ಗೊತ್ತು ಎನ್ನುತ್ತೀರಾ? ನಿಮ್ಮ ಕಚೇರಿಯ ಅಂಗಳದಲ್ಲಿ ಗಾಳಿ ಅಳೆಯುವ ಯಂತ್ರವಿದೆಯಲ್ಲ, ಅದರ ಸುತ್ತ ದಿನಾ ಬೆಳಿಗ್ಗೆ ನೀರು ಹಾಕುವವಳು ನಾನೇ. “ಅಕ್ಕಾ, ಸುತ್ತ ಒಂದಿಷ್ಟು ಒದ್ದೆ ಇರ್ಲಿ, ಯಂತ್ರಕ್ಕೆ ಸೆಕೆ ತಡೆಯಲ್ಲ” ಎಂದಿದ್ದರು ನಮ್ಮ ಮೇಸ್ತ್ರಿ. ಪಾಪ, ಅದಕ್ಕೂ ಸೆಕೆಯೇ ಎಂದು ಎರಡು ಕೊಡ ಹೆಚ್ಚೇ ಸುರಿದೆ. ಧೂಳು ಕೂತಿತು, ಅಂಕಿ ಇಳಿಯಿತು, ನೀವು ಏರಿದಿರಿ. ದೇಶದ ಹೊಗೆ ದೊಡ್ಡ ಸರ್ಕಾರದಿಂದ ಹೋಗದು, ಊರೂರಿನ ಮೇಯರುಗಳೇ ಓಡಿಸಬೇಕು ಎಂದು ಭಾಷಣ ಮಾಡಿದಿರಂತೆ. ಮಾತು ಸರಿಯೇ. ದೇಶದ ಕಾಯಿಲೆ ಕಾಣುವುದು ಬೀದಿಯಲ್ಲಿ, ಬೀದಿ ಇರುವುದು ನಿಮ್ಮ ಕೈಯಲ್ಲಿ. ಆದರೆ ಹನ್ನೊಂದು ಊರಿನ ಮೇಯರುಗಳು ನಿಮ್ಮನ್ನು ನೋಡಿ ಕಲಿಯಲು ಬಂದಿದ್ದರಲ್ಲ, ಕಲಿತು ಹೋದದ್ದೇನು ಸ್ವಾಮಿ? ಕೊಡ ಹಿಡಿಯುವುದನ್ನೇ? ಕಣ್ಣಿಗೆ ಮಣ್ಣೆರಚುವುದನ್ನು ಕೇಳಿದ್ದೆ. ನೀರೆರಚಿಯೂ ಅದನ್ನೇ ಮಾಡಬಹುದೆಂದು ಈಗ ತಿಳಿಯಿತು.

ನನ್ನ ಗಂಡ ದರ್ಜಿ. ಅವರ ಹೊಲಿಗೆ ಯಂತ್ರದ ಪಕ್ಕದ ಕಿಟಕಿ ಸಿಮೆಂಟ್ ಗೋದಾಮಿಗೆ ಎದುರು. ಬೆಳಿಗ್ಗೆ ಬಿಳಿ ಇದ್ದ ಬಟ್ಟೆ ಸಂಜೆಗೆ ಬೂದಿ ಬಣ್ಣ. ಆಸ್ಪತ್ರೆಯ ಗುಮಾಸ್ತೆ ಕಾಗದ ಹಿಂದಿರುಗಿಸಿ, “ಯಂತ್ರ ಕೊಡೋದು ಧೂಳಿನ ಊರುಗಳ ಪಟ್ಟೀಲಿ ಇರೋರಿಗೆ ಮಾತ್ರ ಕಣಮ್ಮಾ. ನಿಮ್ಮೂರನ್ನ ತೆಗೆದುಬಿಟ್ಟಿದಾರೆ” ಎಂದಳು. “ಹಾಗಾದ್ರೆ ನಂಗೆ ಉಬ್ಬಸಾನೇ ಇಲ್ಲ ಬಿಡೇ, ಮೇಯರ್ರೇ ವಾಸಿ ಮಾಡಿದಾರೆ” ಎಂದು ಇವರು ನಕ್ಕರು. ನಗು ಕೆಮ್ಮಾಯಿತು, ತುಟಿ ನೀಲಿಯಾಯಿತು.

ಇನ್ನು ನೀರು ಹಾಕುವುದಿಲ್ಲ ಎಂದು ಮೇಸ್ತ್ರಿಗೆ ಹೇಳಿದೆ. “ನೀನು ಬಿಟ್ರೆ ಇನ್ನೊಬ್ಳು ಹಾಕ್ತಾಳೆ ಅಕ್ಕಾ, ಅದಕ್ಯಾಕೆ ಕೆಲಸ ಕಳ್ಕೋತೀಯ?” ಎಂದರು. ಈ ಬೆಳಿಗ್ಗೆಯೂ ಹಾಕಿಯೇ ಬಂದೆ. ಕ್ಷಮಿಸು ಎಂದು ದೇವರನ್ನು ಕೇಳಿದ್ದೇನೆ. ಗಂಡನನ್ನು ಕೇಳಲು ಬಾಯಿ ಬಂದಿಲ್ಲ.

ಆ ಯಂತ್ರವನ್ನು ಒಂದು ವಾರ ನಮ್ಮ ಬೀದಿಯಲ್ಲಿ ಇರಿಸಿ, ಒಣಗಿದ ನೆಲದ ಮೇಲೆ. ಬಂದ ಅಂಕಿಯನ್ನು ಹಾಗೆಯೇ ರಾಜಧಾನಿಗೆ ಕಳಿಸಿ, ಊರನ್ನು ಮತ್ತೆ ಪಟ್ಟಿಗೆ ಸೇರಿಸಿ. ಅದರಿಂದ ಹೋಗುವ ಹೆಸರನ್ನು ನೀವು ಮತ್ತೆ ಗಳಿಸಬಲ್ಲಿರಿ.

ಇಂತಿ,
ನಿಮ್ಮ ಹೆಸರಿಗೆ ನೀರೆರೆದು, ಮನೆಯವರ ಉಸಿರು ಬತ್ತಿಸಿದವಳು

ಇದರ ಒಂದು ಪ್ರತಿಯನ್ನು ನಮ್ಮ ಕಟ್ಟಡದ ಬಾಗಿಲಿಗೂ ಅಂಟಿಸಿದ್ದೇನೆ. ಅದನ್ನು ಓದುವ ಕಟ್ಟಡದವರಲ್ಲಿ ಒಂದು ಮಾತು: ಅಂಚೆ ಪೆಟ್ಟಿಗೆ ಕೆಳಗಿದೆ, ನಮ್ಮ ಕೋಣೆ ಮೂರನೇ ಮಹಡಿಯಲ್ಲಿದೆ. ಕೆಲಸದ ಹೊತ್ತು ಬಿಟ್ಟರೆ ನಾನು ಇವರ ಪಕ್ಕದಿಂದ ಏಳುವುದಿಲ್ಲ. ಸಾಹೇಬರ ಉತ್ತರ ಬಂದಿದ್ದರೆ ಯಾರಾದರೂ ಮೇಲೆ ತಂದುಕೊಡಿ. ಆದಷ್ಟು ಬೇಗ ತನ್ನಿ.