ಒರೆಸಿದ ಮಣ್ಣು

9 ಜನವರಿ 1979, ಬೀರೂರು

ಕಡೂರು ಕೇಸರಿ ಗದೆ ನನ್ನದಲ್ಲ. ಮೂರು ವರ್ಷದಿಂದ ಯಾರಿಗೂ ಹೇಳಿಲ್ಲ. ಇವತ್ತು ಇಲ್ಲಿ ಬರೆದೆ.

ಬೆಳಿಗ್ಗೆ ಎಂದಿನಂತೆ ಮುನ್ನೂರು ಬಸ್ಕಿ, ಇನ್ನೂರು ದಂಡ. ಅಖಾಡದ ಮಣ್ಣು ಅಗೆದು ಹದ ಮಾಡಿದ್ದಾಯಿತು. ಬಾವಿಗೆ ಹೊರಟಿದ್ದೆ. ಮಾವ ಅಜ್ಜಂಪುರದ ಕುಸ್ತಿ ನೋಟೀಸು ಹಿಡಿದುಕೊಂಡು ಬಂದ. ಗುಲಾಬಿ ಕಾಗದ. 'ಕಡೂರು ಕೇಸರಿ, ತರೀಕೆರೆ ಕುಮಾರ, ಸೋಲನ್ನೇ ಕಾಣದ ಬೀರೂರು ಲಕ್ಕಣ್ಣ.'

ಸೋಲನ್ನೇ ಕಾಣದ... ಕಂಡಿದ್ದೇನೆ. ಕಂಡವರು ಮೂವರು. ನಾನು, ಮಾವ, ಶಿವನಿಯ ರೇವಣಪ್ಪ.

ಕಡೂರಿನ ಸಂತೆ ಮೈದಾನ, 1976. ನನಗೆ ಹದಿನೆಂಟು. ರೇವಣಪ್ಪ ರೈಲ್ವೆ ಗ್ಯಾಂಗ್‌ಮನ್, ಮೂವತ್ತು ದಾಟಿದವನು. ಇಪ್ಪತ್ತು ನಿಮಿಷ ಆಡಿ ನನ್ನನ್ನು ಎತ್ತಿ ಹಾಕಿದ. ಎರಡೂ ಭುಜ ನೆಲ ಮುಟ್ಟಿದರೆ ಸೋಲು; ನನ್ನವು ಮುಟ್ಟಿದವು. ಅನುಮಾನವೇ ಇಲ್ಲ, ಮಣ್ಣಿನ ತಂಪು ಬೆನ್ನಿಗೆ ಗೊತ್ತಾಯಿತು. ಅದೇ ರಭಸಕ್ಕೆ ಇಬ್ಬರೂ ಉರುಳಿದೆವು, ನಾನು ಮೇಲೆ ಬಂದೆ. ಪಂಚರು ಆಚೆ ಬದಿಯಲ್ಲಿದ್ದರು. ಅವರಿಗೆ ಕಂಡದ್ದು ಅಷ್ಟೇ. ಬೆನ್ನು ತೋರಿಸಿ ಎಂದರು. ಬೆನ್ನಿಗೆ ಮಣ್ಣು ಹತ್ತಿದವನು ಸೋತ ಹಾಗೆ. ಅಷ್ಟರಲ್ಲಿ ಮಾವ ನುಗ್ಗಿ ಬಂದು "ಶಹಬ್ಬಾಸ್ ನನ್ ಮಗನೇ" ಎಂದು ತಬ್ಬಿಕೊಂಡ. ಟವೆಲ್ಲಿನ ಕೈಯಿಂದ ಬೆನ್ನು ತಟ್ಟಿದ. ತಟ್ಟಿದ್ದಲ್ಲ. ಒರೆಸಿದ.

ನಾನು ನಿಂತಿದ್ದೆ. ಒರೆಸಿ ಮುಗಿಯುವವರೆಗೂ ನಿಂತಿದ್ದೆ.

ರೇವಣಪ್ಪನ ಎಡಭುಜಕ್ಕೆ ಮಾತ್ರ ಅಂಗೈಯಗಲ ಮಣ್ಣಿತ್ತು. ಅದು ಮೊದಲೇ ಹತ್ತಿದ್ದು. ಪಂಚರಿಗೆ ಅಷ್ಟು ಸಾಕಾಯಿತು.

ಬೇರೆ ವಿಷಯದಲ್ಲಿ ನಾನು ಸುಳ್ಳು ಹೇಳುವವನಲ್ಲ. ಸ್ಕೂಲು ಯಾಕೆ ಬಿಟ್ಟೆ ಎಂದವರಿಗೆ ಬಡತನ, ಕಾಯಿಲೆ ಎಂದೆಲ್ಲ ಕಥೆ ಕಟ್ಟಲಿಲ್ಲ. ಬೆಂಚಿನ ಮೇಲೆ ಕೂತರೆ ತೊಡೆ ಕುಣಿಯುತ್ತಿತ್ತು, ಬಿಟ್ಟೆ. ಇದೊಂದನ್ನು ಮಾತ್ರ ಯಾರೂ ಕೇಳಲಿಲ್ಲ, ಕೇಳಿದ್ದರೆ ಹೇಳುತ್ತಿದ್ದೆ — ಎಂದು ಮೂರು ವರ್ಷ ಸಮಾಧಾನ ಮಾಡಿಕೊಂಡೆ. ಅದೂ ಸುಳ್ಳೇ.

14 ಜನವರಿ

ಮಾವನಿಗೆ ಹೇಳಿದೆ. ಅಜ್ಜಂಪುರದಲ್ಲಿ ರೇವಣಪ್ಪನ ಜೊತೆ ನನ್ನ ಜೋಡಿ ಹಾಕಿಸು ಎಂದೆ.

"ಜೋಡಿ ಕೂಡಲ್ಲ ಕಣೋ."

"ಯಾಕೆ ಕೂಡಲ್ಲ? ತೂಕ ಒಂದೇ."

"ತೂಕ ಯಾವನಿಗೆ ಬೇಕು? ನೀನು ಎರಡು ಗದೆಯವನು. ಅವನು ನಿನ್ನ ಕೈಲಿ ಬಿದ್ದವನು. ಬಿದ್ದವನು ಕೆಳಗಿನ ಜೋಡೀಲಿ ಆಡ್ಬೇಕು. ಕಮಿಟಿ ಒಪ್ಪಲ್ಲ."

ಹೀಗಿದೆ ನನ್ನ ಪರಿಸ್ಥಿತಿ. ಗೆದ್ದಷ್ಟೂ ಅವನು ದೂರ ಹೋಗುತ್ತಾನೆ. ಹೋದ ವರ್ಷ ತರೀಕೆರೆಯಲ್ಲಿ ಎದುರಾಳಿಗೆ ಜ್ವರ. ಕೈ ಕೊಟ್ಟಾಗಲೇ ಮೈ ಕೆಂಡದ ಹಾಗಿತ್ತು. ಮೂರು ನಿಮಿಷ. ಅದಕ್ಕೊಂದು ಗದೆ, ಒಂದು ಶಾಲು, 'ತರೀಕೆರೆ ಕುಮಾರ'. ಇಲ್ಲಿಯವರೆಗೆ ನಾನು ಪೈಲ್ವಾನನೋ ಅಲ್ಲವೋ ನನಗೇ ಗೊತ್ತಿಲ್ಲ. ಗೊತ್ತುಮಾಡಿಕೊಳ್ಳಲು ಇರುವುದು ಒಬ್ಬನೇ ಒಬ್ಬ. ಅವನ ಜೊತೆ ಜೋಡಿ ಕೂಡುವುದಿಲ್ಲ.

ಮಾವನಿಗೆ ಆ ದಿನದ ಟವೆಲ್ಲಿನ ಮಾತೂ ಎತ್ತಿದೆ. ಮಾವ ನಮ್ಮ ಗರಡಿಯ ಉಸ್ತಾದ್, ದೊಡ್ಡಬೀರಪ್ಪ ಉಸ್ತಾದ್ ಎಂದರೆ ಬೀರೂರಿನಲ್ಲಿ ಗಲಾಟೆ ಮಾಡುವ ಹುಡುಗರೂ ಬಾಯಿ ಮುಚ್ಚುತ್ತಾರೆ. ಆ ಮನುಷ್ಯ ತಲೆ ತಗ್ಗಿಸಿ ಕಾಲಲ್ಲಿ ಮಣ್ಣು ಕೆದಕಿದ.

"ಒರೆಸಿದ್ದು ನಾನು," ಎಂದ. "ನಿಂತಿದ್ದು ನೀನು."



5 ಫೆಬ್ರವರಿ

ಅಜ್ಜಂಪುರದಲ್ಲಿ ನಿನ್ನೆ ಗೆದ್ದೆ. ಮೂರನೇ ಗದೆ. ಎದುರಾಳಿಯನ್ನು ಮಾವನೇ ಆರಿಸಿ ತರಿಸಿದ್ದ. ಒಳ್ಳೆಯ ಹುಡುಗ, ಹೊಟ್ಟೆ ಜಾಸ್ತಿ.

ಗದೆ ಕೊಟ್ಟ ಮೇಲೆ ಎರಡು ಮಾತಾಡು ಎಂದು ಮೈಕು ಕೊಟ್ಟರು. ಇದೇ ಸಮಯ ಎಂದುಕೊಂಡೆ.  ನೇರವಾಗಿ ಹೇಳಿದೆ. "ಕಡೂರಿನ ಗದೆ ನಂದಲ್ಲ. ಶಿವನಿ ರೇವಣಪ್ಪಂದು. ಅವತ್ತು ಬಿದ್ದಿದ್ದು ನಾನು."

 ಚಪ್ಪಾಳೆ ಬಿತ್ತು! ಮೈಕಿನ ಮೇಷ್ಟ್ರು ಕಿತ್ತುಕೊಂಡು ಕೂಗಿದರು: "ನೋಡಿದ್ರಾ ಮಹಾಜನಗಳೇ! ಗೆದ್ದೋನು ಸೋತೋನ್ನ ಹೊಗಳ್ತಾನೆ. ಇದಪ್ಪಾ ವಿನಯ ಅಂದ್ರೆ!"

"ವಿನಯ ಅಲ್ಲ ಸಾರ್, ನಿಜ" ಎಂದೆ. ಮೈಕು ಅವರ ಕೈಯಲ್ಲಿತ್ತು. ಮುಂದೆ ಕೂತಿದ್ದ ಮುದುಕನೊಬ್ಬ ಕಣ್ಣು ಒರೆಸಿಕೊಂಡ. ಹೆಗಲ ಮೇಲೆ ಹೊತ್ತು ಸ್ಟೇಷನ್‌ವರೆಗೆ ತಂದರು.

ಗಾಡಿಯಲ್ಲಿ ಮಾವ ಕಿಟಕಿ ಕಡೆ ತಿರುಗಿ ನಗುತ್ತಿದ್ದ. ಅವನನ್ನು ಹೊಡೆಯಬೇಕು ಅನ್ನಿಸಿತು. ಹಾಗನ್ನಿಸಿದ್ದನ್ನೂ ಬರೆದಿಡುತ್ತೇನೆ.

19 ಫೆಬ್ರವರಿ

ಶಿವನಿಗೆ ಹೋಗಿ ಬಂದೆ. ಕಡೂರಿನ ಗದೆ ಗೋಣಿಚೀಲದಲ್ಲಿ ಸುತ್ತಿಕೊಂಡು ಹೋಗಿದ್ದೆ.

ಸ್ಟೇಷನ್ ಹಿಂದಿನ ಗ್ಯಾಂಗ್ ಕ್ವಾರ್ಟರ್ಸ್. ರೇವಣಪ್ಪ ಡ್ಯೂಟಿ ಮುಗಿಸಿ ಬಂದು ಕಾಲು ತೊಳೆಯುತ್ತಿದ್ದ. ತಲೆ ಎತ್ತಿದ. ಗುರುತು ಹಿಡಿದ. ಕಾಲು ತೊಳೆಯುವುದನ್ನು ನಿಲ್ಲಿಸಲಿಲ್ಲ.

"ಬೀರೂರಿಂದ ಶಿವನಿಗೆ ರೈಲಲ್ಲಿ ಒಂದು ಗಂಟೆ," ಎಂದ. "ನಿಂಗೆ ಮೂರು ವರ್ಷ ಹಿಡೀತೇನೋ?"

ಗದೆ ಬಿಚ್ಚಿ ಜಗಲಿ ಮೇಲಿಟ್ಟೆ. "ಇದು ನಿಂದು ಅಣ್ಣಾ."

"ನಾನೇನ್ ಮಾಡ್ಲಿ ಇದರಾಗೆ? ಖಾರ ಕುಟ್ಲಾ?"

ಅವನ ಹೆಂಡತಿ ದ್ಯಾಮಮ್ಮ ಬಾಗಿಲಲ್ಲಿ ನಿಂತಿದ್ದಳು. ಅವಳಿಗೆ ತಡೆಯಲಾಗಲಿಲ್ಲ. "ಅವತ್ತು ಬಂದು ನಾಕು ದಿನ ಮೈ ತೊಳೀಲಿಲ್ಲ ಕಣಪ್ಪ ಇವ್ರು. ಒಂದೇ ಭುಜಕ್ಕೆ ಮಣ್ಣು, ನೋಡ್ರಿ, ನೋಡ್ರಿ ಅಂತ. ಅಂಗಿ ಬಿಚ್ಚಿ ಪ್ಲಾಟ್‌ಫಾರಂ ಮೇಲೆ ನಿಂತು ಗಾಡಿಯೋರಿಗೆಲ್ಲ ಬೆನ್ನು ತೋರ್ಸೋರು. ಜನ ನಕ್ಕರು. ಈಗಲೂ ಮಣ್ಣು ರೇವಣ್ಣ ಅಂತಾರೆ. ನನ್ನ ಮಗಳಿಗೆ ಸ್ಕೂಲಲ್ಲಿ ಮಣ್ಣು ರೇವಣ್ಣನ ಮಗಳು ಅಂತಾರೆ."

"ನೀ ಒಳಿಕ್ ಹೋಗೇ" ಎಂದ ರೇವಣಪ್ಪ. ಅವಳು ಹೋಗಲಿಲ್ಲ.

ಇಲ್ಲೇ ಆಡೋಣ, ಈಗಲೇ ಆಡೋಣ ಎಂದೆ. ಅವನಿಗೆ ಸಿಟ್ಟು ಬಂತು.

"ಇಲ್ಲಿ ಆಡಿದ್ರೆ ನೋಡೋರ್ಯಾರು? ನಮ್ಮನೆ ಎಮ್ಮೆನಾ? ಜನರ ಮುಂದೆ ಹೋಗಿದ್ದು ಜನರ ಮುಂದೇನೇ ಬರ್ಬೇಕು ಕಣೋ. ಕಡೂರಲ್ಲಿ ಜೋಡಿ ಕಟ್ಟೋ ದಿನ ಬತ್ತೀನಿ. ಸಾಲಲ್ಲಿ ನಿಂತಿರ್ತೀನಿ. ನೀನು ಮೇಲೆ ಕುರ್ಚೀಲಿ ಕೂತಿರ್ತೀಯಲ್ಲ, ಅಲ್ಲಿಂದ ನೋಡುವಂತೆ."

ದ್ಯಾಮಮ್ಮ ಮಜ್ಜಿಗೆ ಕೊಟ್ಟಳು. ಲೋಟ ಜಗಲಿ ಮೇಲೆ ಕುಕ್ಕಿ ಕೊಟ್ಟಳು. ಕುಡಿದೆ. ಗದೆ ವಾಪಸ್ ಹೊತ್ತು ತಂದೆ. ಹೋಗುವಾಗಿನದಕ್ಕಿಂತ ಭಾರವಾಗಿತ್ತು ಎಂದು ಬರೆಯಬಹುದು. ಆದರೆ ಅಷ್ಟೇ ಭಾರವಿತ್ತು.

11 ಮಾರ್ಚ್

ಕಡೂರು ಕಮಿಟಿಯ ಅಧ್ಯಕ್ಷರು ಬಸವರಾಜಪ್ಪನವರು. ಬಿರುದು ವಾಪಸ್ ತೆಗೆದುಕೊಳ್ಳಿ ಎಂದು ಅರ್ಜಿ ಬರೆದು ಕೊಟ್ಟೆ. ಮೂರು ಸಲ ಓದಿದರು. ಕನ್ನಡಕ ತೆಗೆದರು.

"ಅಕ್ಷರ ಚೆನ್ನಾಗೈತಲ್ಲೋ. ಯಾಕೆ ಸ್ಕೂಲು ಬಿಟ್ಟೆ?"

"ಅರ್ಜಿ ಸಾರ್..."

"ಕೊಡೋ ಪದ್ಧತಿ ಐತೆ ಕಣಪ್ಪಾ. ವಾಪಸ್ ಇಸ್ಕೊಳ್ಳೋ ಪದ್ಧತಿ ಇಲ್ಲ. ಪಂಚರು ಕೊಟ್ಟ ತೀರ್ಪು ತಪ್ಪು ಅಂದ್ರೆ ಅವತ್ತಿನ ಎಲ್ಲಾ ಕುಸ್ತೀನೂ ತಪ್ಪಾಗ್ತದೆ. ನಾಳೆ ಇನ್ನೊಬ್ಬ ಬತ್ತಾನೆ. ಗೊತ್ತಾಯ್ತಾ?"

"ಹಂಗಾದ್ರೆ ರೇವಣಪ್ಪನ ಜೊತೆ ಜೋಡಿ ಹಾಕಿ."

"ಜೋಡಿ ಕೂಡಲ್ಲ."

ಸುಮ್ಮನೆ ಯಾರ ಕೈಲಾದರೂ ಬಿದ್ದುಬಿಟ್ಟರೆ ಬಿರುದು ಹೋಗುತ್ತದೆ. ದಾರಿಯುದ್ದಕ್ಕೂ ಇದನ್ನೇ ಯೋಚಿಸಿದೆ. ಬೇಕೆಂದೇ ಬೀಳುವುದೂ ಒಂದು ಮೋಸವೇ. ಒಂದು ಮೋಸ ತೊಳೆಯಲು ಇನ್ನೊಂದು.

30 ಮಾರ್ಚ್

ಬಸ್ಕಿ ಐನೂರು. ಮನಸ್ಸು ನಿಲ್ಲುತ್ತಿಲ್ಲ. ಬಾವಿ ಹಗ್ಗ ಕಿತ್ತುಹೋಗುವಷ್ಟು ನೀರು ಸೇದಿದೆ. ಮಾವನ ಹೆಂಡತಿ ಈರಕ್ಕತ್ತೆ ಬೈದಳು: "ಕೊಡ ಎಲ್ಲಾ ತುಂಬಿದ್ವಲ್ಲೋ, ಇನ್ನೇನು ಬೀದೀಗೆ ಸುರೀತೀಯಾ?"

8 ಏಪ್ರಿಲ್, ಸಂಜೆ

ಇವತ್ತು ಕಡೂರಿನಲ್ಲಿ ಜೋಡಿ ಕಟ್ಟುವ ದಿನ. ಕುಸ್ತಿ ಮುಂದಿನ ವಾರ. ಇವತ್ತು ಬರೀ ಯಾರಿಗೆ ಯಾರು ಎಂದು ಕೈ ಹಿಡಿಸುವುದು. ಹೊಸಬರು, ಹಿಂದೆ ಸೋತವರು ಅಂಗಿ ಬಿಚ್ಚಿ ಸಾಲಾಗಿ ನಿಲ್ಲುತ್ತಾರೆ. ಬಿರುದಿನವರಿಗೆ ಮೇಲೆ ಕುರ್ಚಿ.

ರೇವಣಪ್ಪ ಬಂದಿದ್ದ. ಸಾಲಿನ ಕೊನೆಯಲ್ಲಿ. ಆಚೀಚೆ ಅವನ ಅರ್ಧ ವಯಸ್ಸಿನ ಹುಡುಗರು. ಯಾರೋ "ಮಣ್ಣು ರೇವಣ್ಣ ಬಂದವ್ನೆ ಕಣ್ರೋ" ಎಂದು ಕೂಗಿದರು. ಅವನು ಮುಂದೆ ನೋಡುತ್ತ ನಿಂತಿದ್ದ.

ಎದ್ದೆ. ಅಂಗಿ ಬಿಚ್ಚಿ ಕುರ್ಚಿ ಮೇಲೆ ಹಾಕಿದೆ. ಇಳಿದು ಹೋಗಿ ಅವನ ಎದುರು ನಿಂತು ಕೈ ಚಾಚಿದೆ.

"ಲೇ ಲಕ್ಕ! ಬಾರೋ ಮೇಲಕ್ಕೆ!" — ಮಾವ.

ರೇವಣಪ್ಪ ಕೈ ಹಿಡಿಯಲಿಲ್ಲ. ಆಗ ಬೆನ್ನು ತಿರುಗಿಸಿದೆ. ಎಲ್ಲರಿಗೂ ಕೇಳುವಂತೆ ಹೇಳಿದೆ: "ಅವತ್ತು ನನ್ನ ಬೆನ್ನಿಗೆ ಹತ್ತಿದ ಮಣ್ಣು ನಮ್ಮ ಮಾವ ಒರೆಸ್ದ. ಈಗ ನೀನು ಹಾಕು ಅಣ್ಣಾ. ಎಲ್ಲರೂ ನೋಡ್ಲಿ."

ಈ ಸಲ ಯಾರೂ ಚಪ್ಪಾಳೆ ತಟ್ಟಲಿಲ್ಲ. ಹಿಂದಿನಿಂದ ರೇವಣಪ್ಪನ ದನಿ ಬಂತು.

"ಹಾಕೋದಲ್ಲ ಕಣೋ ಅದು. ಹತ್ಬೇಕು."

ತಿರುಗಿದೆ. ಅವನು ಕೈ ಚಾಚಿದ್ದ.

ಅಖಾಡ ಆಗಲೇ ಅಗೆದಿಟ್ಟಿದ್ದರು. ಬೇಲಿ ದಾಟಿ ಇಳಿದೆವು. ಕಮಿಟಿಯವರು ಕೂಗುತ್ತಲೇ ಇದ್ದರು. ನಾನು ಬಿಟ್ಟುಕೊಡಲಿಲ್ಲ. ಇದನ್ನು ಸ್ಪಷ್ಟವಾಗಿ ಬರೆದಿಡಬೇಕು. ಗೊತ್ತಿದ್ದ ಪಟ್ಟೆಲ್ಲ ಹಾಕಿದೆ. ಎರಡು ಸಲ ಅವನನ್ನು ಮಂಡಿಯೂರಿಸಿದೆ. ಅವನ ಉಸಿರು ನನಗಿಂತ ಮೊದಲು ಸೋತಿತು. ಆದರೆ ಆ ಕೈಗಳು... ಹಳಿ ಎತ್ತುವ ಕೈ. ಹಿಡಿದರೆ ಬಿಡುವುದಿಲ್ಲ. ಹತ್ತು ನಿಮಿಷವಿರಬಹುದು. ಸೊಂಟ ಹಿಡಿದು ಎತ್ತಿದ. ಆಕಾಶ ಕಂಡಿತು.

ಎರಡೂ ಭುಜ. ಅದೇ ತಂಪು.

ಅವನು ತಕ್ಷಣ ಏಳಲಿಲ್ಲ. ಎದೆಯ ಮೇಲೆ ಕೂತು, ಉಸಿರು ಬಿಡುತ್ತ, ಸುತ್ತ ಇದ್ದವರನ್ನೆಲ್ಲ ಒಬ್ಬೊಬ್ಬರಾಗಿ ನೋಡಿದ. ಮಾವ ಬೇಲಿ ತನಕ ಬಂದಿದ್ದ. ಕೈಯಲ್ಲಿ ಟವೆಲ್ಲಿತ್ತು. ಒಳಗೆ ಬರಲಿಲ್ಲ.

ಬಸವರಾಜಪ್ಪನವರು ಮೈಕು ತೆಗೆದುಕೊಂಡರು. "ಮಹಾಜನಗಳೇ, ಇದು ಲೆಕ್ಕಕ್ಕಿಲ್ಲ. ಜೋಡಿ ಕಟ್ಟೋ ದಿನ ಕುಸ್ತಿ ಇರಲ್ಲ. ಪಂಚರು ಇಲ್ಲ, ಸೀಟಿ ಊದಿಲ್ಲ. ಹುಡುಗರು ತಮಾಷೆ ಮಾಡವ್ರೆ. ಬಿರುದು ಯಥಾಪ್ರಕಾರ."

ಯಥಾಪ್ರಕಾರ! ಒರೆಸಿ ಗೆದ್ದದ್ದು ಲೆಕ್ಕಕ್ಕುಂಟು, ಬಿದ್ದು ಸೋತದ್ದು ಲೆಕ್ಕಕ್ಕಿಲ್ಲ. ಕೂಗಿದೆ. ಗಂಟಲು ಕಟ್ಟುವವರೆಗೆ ಕೂಗಿದೆ. ರೇವಣಪ್ಪ ಅಂಗಿ ಹಾಕಿಕೊಳ್ಳುತ್ತಿದ್ದ. 

"ಸಾಕು ಸುಮ್ನಿರೋ," ಎಂದ. "ಗಾಡಿ ಹೋಗ್ಬಿಡ್ತದೆ ನಂದು."

ಹೊರಟುಹೋದ. ಈ ಸಲ ಯಾರೂ ಅವನ ಅಡ್ಡಹೆಸರು ಕೂಗಲಿಲ್ಲ. ಅದೊಂದು ಮಾತ್ರ ಆಯಿತು.

10 ಏಪ್ರಿಲ್

ಮೈ ತೊಳೆದಿಲ್ಲ. ಅಂಗಿ ಹಾಕಿಲ್ಲ.

ಬೀರೂರು ಸ್ಟೇಷನ್ ಗೋಡೆಗೆ ಕಡೂರಿನ ನೋಟೀಸು ಅಂಟಿಸಿದ್ದಾರೆ. 'ತ್ರಿಬಿರುದಾಂಕಿತ, ಸೋಲನ್ನೇ ಕಾಣದ.' ಅದರ ಪಕ್ಕ ಬೆನ್ನು ತೋರಿಸಿಕೊಂಡು ನಿಂತೆ. ಒಂದು ಗಾಡಿ ಬಂತು, ಹೋಯಿತು. ಕೆಲವರು ನಕ್ಕರು. ಟೀ ಮಾರುವವನು "ಏನು ಪೈಲ್ವಾನ್ರೇ, ಮನೇಲಿ ನೀರಿಲ್ವಾ?" ಎಂದ. ಬಿದ್ದೆ ಕಣಯ್ಯಾ ಎಂದೆ. "ಎಲ್ಲಿ, ಬಚ್ಚಲಲ್ಲಾ?"

ರೇವಣಪ್ಪ ಹೀಗೆ ನಾಲ್ಕು ದಿನ ನಿಂತಿದ್ದ. ನನಗೆ ಎರಡನೇ ದಿನವೇ ಅಳು ಬಂತು.

11 ಏಪ್ರಿಲ್

ಮಾವ ಹಂಡೆ ತುಂಬ ನೀರು ಕಾಯಿಸಿ ಕರೆದ. "ಬಾರೋ. ನಾನೇ ಬೆನ್ನು ಉಜ್ತೀನಿ. ಭಾನುವಾರ ಕುಸ್ತಿ ಐತೆ."

"ನೀನು ಉಜ್ಜೋದು ಬೇಡ ಮಾವ."

ಬಚ್ಚಲ ಕಟ್ಟೆ ಮೇಲೆ ಕೂತ. ಚೆಂಬು ಕೈಯಲ್ಲೇ ಇತ್ತು. "ಈ ಗರಡಿಗೆ ನಮ್ಮಪ್ಪನ ಕಾಲದಿಂದ ಒಂದು ಗದೆ ಬಂದಿರ್ಲಿಲ್ಲ ಕಣೋ. ಹುಡುಗ್ರು ಬರೋದು ನಿಂತೋಗಿತ್ತು. ಬೀಗ ಹಾಕ್ಬೇಕು ಅಂತಿದ್ದೆ. ಅವತ್ತು ನಿನ್ನ ಬೆನ್ನು ನೋಡಿದೆ... ಕೈ ತಾನೇ ಹೋಯ್ತು."

ಗೊತ್ತು. ಈಗ ಮೂವತ್ತು ಹುಡುಗರು ಬರುತ್ತಾರೆ. ಬಂದವರೆಲ್ಲ ಮೊದಲು ಗದೆ ಮುಟ್ಟಿ ನಮಸ್ಕಾರ ಮಾಡುತ್ತಾರೆ. ಅದನ್ನು ದಿನಾ ನೋಡಿಕೊಂಡು ಭಾನುವಾರ ಆಡು ಎನ್ನುತ್ತಾನೆ.

ಆಡುವುದಿಲ್ಲ ಎಂದೆ. ಹಾಗಾದರೆ ಈ ಮನೆಯಲ್ಲಿ ನಿನಗೇನು ಕೆಲಸ ಎಂದ. ಸರಿಯಾಗಿಯೇ ಕೇಳಿದ.

12 ಏಪ್ರಿಲ್, ಮಧ್ಯಾಹ್ನ

ಅತ್ತೆಗೆ ಬೆನ್ನು ನೋಡು ಎಂದೆ. ಸೆರಗಿನಿಂದ ಮುಟ್ಟಲು ಬಂದಳು, ಮುಟ್ಟಬೇಡ, ಬರೀ ನೋಡು ಎಂದೆ.

"ಎಲ್ಲೈತೋ ಮಣ್ಣು? ಬೆವರಿಗೆ ಎಲ್ಲಾ ಉದುರೋಗೈತೆ. ಬರೀ ಬೆನ್ನು ಕಣೋ."

ಹೋಗಿ ಸ್ನಾನ ಮಾಡಿದೆ.

ದಾವಣಗೆರೆಯಲ್ಲಿ ಹತ್ತಿ ಗೋಡೌನಿನ ಹಮಾಲರು ನಡೆಸುವ ಒಂದು ಗರಡಿ ಇದೆಯಂತೆ. ಹೊಸಬರನ್ನು ಬಿರುದು ಕೇಳುವುದಿಲ್ಲವಂತೆ, ಊರು ಕೇಳುತ್ತಾರಂತೆ, ತೂಕ ನೋಡುತ್ತಾರಂತೆ. ಸಾಲಿನ ಕೊನೆಯಲ್ಲಿ ನಿಲ್ಲಿಸುತ್ತಾರೆ.

ಮೂರು ಗದೆ ಗೋಡೆಗೆ ಒರಗಿಸಿದ್ದೇನೆ. ಚೀಲದಲ್ಲಿ ಎರಡು ಲಂಗೋಟಿ, ಒಂದು ಅಂಗಿ, ಈ ನೋಟ್‌ಬುಕ್ಕು. ದಾವಣಗೆರೆ ಗಾಡಿ ಶಿವನಿಯಲ್ಲಿ ಎರಡು ನಿಮಿಷ ನಿಲ್ಲುತ್ತದೆ. ಇಳಿಯುವುದಿಲ್ಲ.

ನಾಳೆ ಬೆಳಿಗ್ಗೆ ಏಳರ ಪ್ಯಾಸೆಂಜರಿಗೆ ಹೊರಡುತ್ತೇನೆ.