ಈ ಮನೆಗೆ ಇನ್ನು ಮೇಣ ಬೇಡ

ತಮ್ಮಾ ಒರಾಸಿಯೋ,

ನಾನು ಅಮ್ಮನನ್ನು ನೋಡಲು ಆಸ್ಪತ್ರೆಗೆ ಹೊರಟೆ. ಮರದ ನೆಲ ಉಜ್ಜಲು ಕೆಲಸದ ಬೆವಿಲಾಕ್ವಾ ಅವರು ಮಷಿನ್ನು ತರುತ್ತಾರೆ. ನೀನು ಬಾಗಿಲು ತೆಗೆ, ಬಾಯಿ ತೆಗೆಯಬೇಡ. “ಅಕ್ಕನ ಮಾತು ಕೇಳ್ಬೇಡ, ನೆಲಕ್ಕೆ ಯಾವಾಗಿನ ಹಾಗೆ ಮೇಣಾನೇ ತಿಕ್ಸಿಬಿಡು” ಎಂದು ಅಮ್ಮ ನಿನಗೆ ಫೋನಿನಲ್ಲಿ ಗುಟ್ಟಾಗಿ ಹೇಳಿದ್ದು ನನಗೆ ಗೊತ್ತು.

ಹಳೆಯ ಮೇಣವನ್ನೆಲ್ಲ ಉಜ್ಜಿ ತೆಗೆದು ವಾರ್ನಿಷ್ ಬಳಿಯಲಿ. ಹೊಳಪಿಲ್ಲದ್ದೇ ಆಗಬೇಕು. ಹೊಳೆಯುವುದರಲ್ಲಿ ಪ್ರತಿಯೊಂದು ಗೀರೂ ಕಾಣುತ್ತದೆ.

ಬಾಗಿಲ ಬಳಿಯ ಉಣ್ಣೆಬಟ್ಟೆಯ ತುಂಡುಗಳನ್ನು ಕಸಕ್ಕೆ ಹಾಕು. ಮೇಣ ಮಾಸಬಾರದೆಂದು ಇಷ್ಟು ವಯಸ್ಸಾದರೂ ಅವುಗಳ ಮೇಲೆ ಕಾಲಿಟ್ಟು ಜಾರಿಕೊಂಡೇ ಓಡಾಡುತ್ತೀಯಲ್ಲ, ನಾಚಿಕೆಯಾಗುವುದಿಲ್ಲವೇ? ಅಮ್ಮ ಸೊಂಟ ಮುರಿದುಕೊಂಡದ್ದೂ ಹಾಗೆ ಜಾರಿಯೇ. ಪಕ್ಕದ ಮನೆಯವರಿಗೆ ಮಾತ್ರ “ಕಾಯಾವೋ ರಸ್ತೇಲಿ ಬಸ್ಸಿಂದ ಇಳೀವಾಗ ಬಿದ್ದೆ ಕಣ್ರೀ” ಅನ್ನುತ್ತಾಳೆ.

ವಾರ್ನಿಷ್ ಒಣಗುವವರೆಗೆ ಹಾಲಿಗೆ ಕಾಲಿಡಬೇಡ. ಎಂಪನಾದ ಮಾಡಿಟ್ಟಿದ್ದೇನೆ, ಅಡುಗೆಮನೆಯಲ್ಲೇ ತಿನ್ನು. ಇನ್ನು ಮೇಲೆ ನೆಲಕ್ಕೆ ನೀರು ಸುರಿಯುವುದೂ ಬೇಡ. ಚೆನ್ನಾಗಿ ಹಿಂಡಿದ ಬಟ್ಟೆಯಲ್ಲಿ ಒರೆಸಿದರೆ ಸಾಕು.

ಶನಿವಾರ ಅಮ್ಮನನ್ನು ಕರೆತರುತ್ತೇನೆ. ನಡೆಯಲೇಬೇಕೆಂದು ಡಾಕ್ಟರು ಎಷ್ಟು ಹೇಳಿದರೂ ಅವಳು ಮಂಚ ಬಿಟ್ಟು ಏಳುತ್ತಿಲ್ಲ. “ನಡ್ದು ಎಲ್ಲಿಗೆ ಹೋಗ್ಬೇಕು ನಾನು?” ಅನ್ನುತ್ತಾಳೆ.

ಅದಕ್ಕೇ ಹೇಳುತ್ತೇನೆ, ಕೇಳು. ಅವಳನ್ನು ಹಾಲಿನ ಕುರ್ಚಿಯಲ್ಲಿ ಕೂರಿಸಿದ ಮೇಲೆ, ನೀನು ಬೀದಿಯ ಬೂಟು ಹಾಕಿಕೊಂಡೇ ಒಳಗೆ ಬಾ. ಅವಳ ಕಣ್ಣೆದುರೇ ಹೊಸ ನೆಲದ ಮೇಲೆ ಈ ಗೋಡೆಯಿಂದ ಆ ಗೋಡೆಗೆ ನಡೆ. ನಿನ್ನ ಕಿವಿ ಹಿಂಡಲು ಅವಳು ಎದ್ದೇ ಏಳುತ್ತಾಳೆ.

ಓಡಬೇಡ. ನಿಧಾನವಾಗಿ ನಡೆ.

ಮಿರ್ತಾ